ಅಜ್ಜನನ್ನು ಕರೆದ ಎರಡು ಬೆರಳು

ರಾತ್ರಿ ಹನ್ನೊಂದು ದಾಟಿತ್ತು. ಒಳಕೋಣೆಯಿಂದ ಗೆಜ್ಜೆಯ ಸಣ್ಣ ಸದ್ದು ಕೇಳಿಸಿತು. ಮಗು ಎದ್ದಿದೆ ಎಂದು ಚೈತ್ರಾಳಿಗೆ ಗೊತ್ತಾಯಿತು. “ಬಂದೆ ಕಂದಾ, ಬಂದೆ” ಎಂದು ಅಡುಗೆಮನೆಯಿಂದಲೇ ಕೂಗಿದಳು. ಅಳು ಶುರುವಾಯಿತು. ಕೋಣೆಯ ಬಾಗಿಲಿಗೆ ಬಂದು ಕತ್ತಲಲ್ಲೇ ಮತ್ತೆ ಕರೆದಳು. ಅಳು ನಿಲ್ಲಲಿಲ್ಲ. ದೀಪ ಹಾಕಿದಳು. ಅಮ್ಮನ ಮುಖ ಕಂಡದ್ದೇ ತಡ, ಮಗು ಸುಮ್ಮನಾಯಿತು.

ಹೀಗಾಗುವುದು ಇದು ಮೊದಲ ಸಲವಲ್ಲ. ಅಮೂಲ್ಯಾಳಿಗೆ ವರ್ಷ ತುಂಬಿತ್ತು. ಹೆಸರು ಕರೆದರೆ ತಿರುಗುತ್ತಿರಲಿಲ್ಲ. ‘ಅಮ್ಮ’, ‘ಅತ್ತ’ ಎನ್ನುವ ತೊದಲೂ ಇರಲಿಲ್ಲ.

ಚೈತ್ರಾ ಮರುದಿನ ಮಾವನಿಗೆ ಹೇಳಿದಳು. ಮಾವ ಪದ್ಮನಾಭ ಐತಾಳರು ವಡೋದರಾದ ಮಂಜಲ್‌ಪುರದಲ್ಲಿ ಮೂವತ್ತು ವರ್ಷಗಳಿಂದ ಉಡುಪಿ ಹೋಟೆಲ್ ನಡೆಸುವವರು. ಎಲ್ಲದಕ್ಕೂ ಅವರ ಬಳಿ ಒಂದು ಕಾರಣ ಇರುತ್ತಿತ್ತು.

“ಎಂತ ಗಾಬರಿ ನಿನಗೆ? ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಗುಜರಾತಿ, ಹೋಟೆಲಲ್ಲಿ ಹಿಂದಿ, ಟೀವಿಯಲ್ಲಿ ಇಂಗ್ಲಿಷ್. ಪಾಪ, ಮಗು ಯಾವುದನ್ನು ಹಿಡೀಬೇಕು? ಎಲ್ಲ ಕಲಸುಮೇಲೋಗರ ಆಗಿದೆ ಅದರ ತಲೆಯಲ್ಲಿ. ಒಂದೇ ಭಾಷೆ ಮಾತಾಡಿ. ತನ್ನಿಂದ ತಾನೇ ಬರ್ತದೆ.”

“ಮಾವ, ಒಮ್ಮೆ ಡಾಕ್ಟರಿಗೆ ತೋರಿಸಿದ್ರೆ?”

“ನಿನ್ನ ಗಂಡನೂ ಮೂರು ವರ್ಷದವರೆಗೆ ಬಾಯಿ ಬಿಟ್ಟಿರಲಿಲ್ಲ. ಈಗ ಅವನನ್ನು ಸುಮ್ಮನಾಗಿಸುವವರು ಯಾರುಂಟು?”

ಗಂಡ ಯಶವಂತ್ ನಕ್ಕುಬಿಟ್ಟ. ಅಂದಿನಿಂದ ಮನೆಯಲ್ಲಿ ಹೊಸ ನಿಯಮ ಬಂತು. ಮಗುವಿನೊಂದಿಗೆ ಕನ್ನಡ ಮಾತ್ರ. ಟೀವಿ ಬಂದ್. ಪಕ್ಕದ ಮನೆಯ ಹೇತಲ್‌ಬೆನ್ ದಿನವೂ ಬಾಗಿಲಲ್ಲಿ ನಿಂತು “ಕೇಮ್ ಛೇ ಬೇಟಾ?” ಎಂದು ಕ್ಷೇಮ ಕೇಳುವವರು. ಅವರಿಗೂ ಗುಜರಾತಿ ಆಡಬೇಡಿ ಎಂದು ಹೇಳಿದ್ದಾಯಿತು. ಪಾಪ, ಅವರು ಬಾಯಿ ಮುಚ್ಚಿಕೊಂಡು ಕೈಯನ್ನಷ್ಟೇ ಬೀಸತೊಡಗಿದರು. ಅಮೂಲ್ಯಾಳೂ ನಗುತ್ತಾ ಕೈ ಬೀಸುತ್ತಿದ್ದಳು. ಚೈತ್ರಾ ಇದನ್ನೂ ಗಮನಿಸಿದಳು. ಕರೆದರೆ ಉತ್ತರವಿಲ್ಲ. ಕೈ ಆಡಿಸಿದರೆ ಕೂಡಲೇ ಉತ್ತರ.

ಹೀಗೆ ಮೂರು ತಿಂಗಳು ಕಳೆದವು. ಒಂದೇ ಭಾಷೆಯಾದರೂ ಮಗುವಿನ ಬಾಯಿಂದ ಒಂದು ಮಾತೂ ಬರಲಿಲ್ಲ.

ಆಗ ಅಹಮದಾಬಾದಿನ ಚಾಂದ್‌ಖೇಡಾದಿಂದ ನಮಿತಾ ಬಂದಳು. ಚೈತ್ರಾಳ ಕಾಲೇಜು ಗೆಳತಿ. ಮಕ್ಕಳ ಕಿವಿ ಪರೀಕ್ಷಿಸುವುದೇ ಅವಳ ಕೆಲಸ. ಚೈತ್ರಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

“ನೋಡೇ, ಎರಡು ಮೂರು ಭಾಷೆ ಕೇಳೋದ್ರಿಂದ ಯಾವ ಮಗುವಿನ ಮಾತೂ ನಿಂತುಹೋಗಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸೋಣ. ಮಗು ಮಲಗಿರುವಾಗ ತಲೆಗೆ ಸಣ್ಣ ತಂತಿ ಅಂಟಿಸಿ ನೋಡ್ತಾರೆ. ಸ್ವಲ್ಪವೂ ನೋವಾಗಲ್ಲ.”

“ಮಾವ ಒಪ್ಪಲ್ಲ ಕಣೇ.”

“ಒಪ್ಪೋವರೆಗೆ ಕಾಯೋಕೆ ಮಗುಗೆ ಪುರುಸೊತ್ತಿಲ್ಲ. ಭಾಷೆ ಗಟ್ಟಿಯಾಗಿ ಬೇರು ಬಿಡೋದು ಈ ಮೊದಲ ವರ್ಷಗಳಲ್ಲೇ.”

ಚೈತ್ರಾ ಅದೇ ವಾರ ಯಶವಂತನನ್ನು ಹೊರಡಿಸಿದಳು. ಪರೀಕ್ಷೆಯಲ್ಲಿ ತಿಳಿಯಿತು: ಅಮೂಲ್ಯಾಳ ಎರಡು ಕಿವಿಗೂ ತೀರಾ ಕಡಿಮೆ ಕೇಳಿಸುತ್ತಿತ್ತು. ಕಿವಿಗೆ ಯಂತ್ರ ಹಾಕಿಸಿದರು. ಅದರ ಜೊತೆಗೆ ಇಂದಿನಿಂದಲೇ ಸನ್ನೆ ಭಾಷೆಯನ್ನೂ ಶುರು ಮಾಡಿ ಎಂದಳು ನಮಿತಾ.

ಯಂತ್ರಕ್ಕೆ ಐತಾಳರು ಹೇಗೋ ಒಪ್ಪಿದರು. ಸನ್ನೆ ಎಂದಾಗ ಸಿಟ್ಟೇ ಬಂತು.

“ಸಾಧ್ಯವೇ ಇಲ್ಲ. ಕೈ ಆಡಿಸಿದ್ರೆ ಬೇಕಾದ್ದು ಸಿಗ್ತದೆ ಅಂತಾದ್ರೆ ನಾಲಿಗೆ ಯಾಕೆ ಆಡಿಸ್ತಾಳೆ? ನಾಳೆ ನಾಲ್ಕು ಜನ ನೋಡಿ ನಗುದು ಬೇಡ.”

ಮಾತು ನಡೆಯುತ್ತಿದ್ದದ್ದು ಹೋಟೆಲಿನಲ್ಲಿ, ಮಧ್ಯಾಹ್ನದ ಹೊತ್ತು. ಮಕರ್‌ಪುರದ ಕಾರ್ಖಾನೆಗಳವರು ಊಟಕ್ಕೆ ಬಂದು ತುಂಬಿದ್ದರು. ಒಳಗೆ ಗ್ರೈಂಡರ್ ಸದ್ದು, ಫ್ಯಾನಿನ ಸದ್ದು. ಕೂಗಿದರೂ ಅಡುಗೆಮನೆಗೆ ಕೇಳದು. ಐತಾಳರು ಗಲ್ಲಾದಲ್ಲಿ ಕೂತೇ ಗಾಜಿನ ಕಿಂಡಿಯತ್ತ ತಿರುಗಿ ಕೈ ಎತ್ತಿದರು. ಎರಡು ಬೆರಳು ತೋರಿಸಿ, ಅಂಗೈಯನ್ನು ಗಾಳಿಯಲ್ಲಿ ಸುತ್ತಿಸಿದರು. ಎರಡು ದೋಸೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿದರು. ಒಂದು ವಡೆ. ಆಮೇಲೆ ನಾಲಿಗೆಯ ಬಳಿ ಬೆರಳು ಚಿವುಟಿ ತೋರಿಸಿದರು. ಗುಜರಾತಿ ಗಿರಾಕಿ, ಖಾರ ಕಡಿಮೆ. ಒಳಗಿದ್ದ ಅಡುಗೆಯ ಹಾಲಪ್ಪ ತಲೆ ಆಡಿಸಿದ.

ಗಲ್ಲಾದ ಪಕ್ಕದ ಮೇಜಿನಲ್ಲಿ ಕೂತಿದ್ದ ನಮಿತಾ ಕಾಫಿ ಲೋಟ ಕೆಳಗಿಟ್ಟಳು.

“ಅಂಕಲ್, ಮೂವತ್ತು ವರ್ಷದಿಂದ ಕೈಯಲ್ಲೇ ಆರ್ಡರ್ ಕೊಡ್ತಿದ್ದೀರಿ. ನಿಮ್ಮ ಬಾಯಿಮಾತೇನಾದ್ರೂ ಕಡಿಮೆ ಆಗಿದೆಯಾ?”

ದೋಸೆ ಕೊಡಲು ಕಿಂಡಿಗೆ ಬಂದಿದ್ದ ಹಾಲಪ್ಪ, “ಆಗಿದ್ರೆ ನಾವು ಬದುಕ್ಕೊಳ್ತಿದ್ವಿ ಅಕ್ಕಾ!” ಎಂದ. ಯಶವಂತ್ ಬಾಯಿಗೆ ಟವೆಲು ಅಡ್ಡ ಹಿಡಿದು ನಕ್ಕ.

ಐತಾಳರು ಹಾಲಪ್ಪನನ್ನು ದುರುಗುಟ್ಟಿ ನೋಡಿದರು. ಆಮೇಲೆ ತಮ್ಮ ಕೈಯನ್ನೇ ನೋಡಿಕೊಂಡರು.

“ಇದೂ ಅದೂ ಒಂದೇಯಾ?” ಎಂದರು, ದನಿ ತಗ್ಗಿಸಿ.

“ಒಂದೇ ಅಲ್ಲ. ನಿಮ್ಮದು ತಿಂಡಿಪಟ್ಟಿ ಅಷ್ಟೇ. ಸನ್ನೆ ಭಾಷೆ ಪೂರ್ತಿ ಭಾಷೆ. ಅದಕ್ಕೆ ವ್ಯಾಕರಣ ಇದೆ. ಅದರಲ್ಲಿ ಕಥೆ ಹೇಳಬಹುದು, ಜಗಳ ಆಡಬಹುದು. ಸನ್ನೆ ಕಲಿತ್ರೆ ಮಾತು ಬರೋದು ನಿಲ್ಲುತ್ತೆ ಅನ್ನೋದು ಸುಳ್ಳು. ಮಗುಗೆ ಹಸಿವು, ನೋವು, ಆಸೆ ಎಲ್ಲ ಇದೆ ಅಂಕಲ್. ಹೇಳೋಕೆ ಒಂದು ದಾರಿ ಬೇಕು. ಕಣ್ಣು ಚೆನ್ನಾಗಿದೆ, ಕೈ ಚೆನ್ನಾಗಿದೆ. ಮೊದಲು ಆ ದಾರಿ ತೆರೆಯೋಣ.”

ಐತಾಳರು ಗಿರಾಕಿಯ ಬಿಲ್ಲಿನತ್ತ ತಿರುಗಿದರು. ಸಂಜೆ ಚೈತ್ರಾಳನ್ನು ಕರೆದು ಕೇಳಿದರು. “ಹಾಲಿಗೆ ಕೈಯಲ್ಲಿ ಹೇಗೆ ಮಾಡುದು ಅಂತ ನಮಿತಾಳನ್ನು ಕೇಳಿದ್ಯಾ?”

ಸನ್ನೆ ಕಲಿಸಲು ಜಯಂತಿ ಎಂಬ ಶಿಕ್ಷಕಿ ಮನೆಗೆ ಬರತೊಡಗಿದರು. ಅವರಿಗೂ ಕಿವಿ ಕೇಳಿಸದು. ಅವರ ಕೈಗಳು ಆಡುವ ಚುರುಕು ನೋಡಿ ಮನೆಯವರೆಲ್ಲ ಬೆರಗಾದರು. ಹಾಲು ಕೊಡುವಾಗ ಹಾಲಿನ ಸನ್ನೆ, ಸ್ನಾನ ಮಾಡಿಸುವಾಗ ನೀರಿನ ಸನ್ನೆ. ಮಗುವಿನ ಎದುರು ಕೂತು, ಮುಖ ಕಾಣುವಂತೆ, ಬಾಯಲ್ಲೂ ಹೇಳುತ್ತಾ ಮಾಡಬೇಕು. ಪ್ರತಿಯೊಬ್ಬರಿಗೂ ಒಂದು ಹೆಸರಿನ ಸನ್ನೆ ಕೊಟ್ಟರು. ಐತಾಳರದ್ದು ಕನ್ನಡಕವನ್ನು ಹಣೆಗೇರಿಸುವ ಅಭ್ಯಾಸ. ಹಾಗಾಗಿ ಎರಡು ಬೆರಳು ಹಣೆಗೆ ಮುಟ್ಟಿಸಿದರೆ ‘ಅಜ್ಜ’.

ವಾರಗಳವರೆಗೆ ಏನೂ ಆಗಲಿಲ್ಲ. ಚೈತ್ರಾಳಿಗೆ ಒಳಗೊಳಗೇ ಭಯ. ಆಮೇಲೊಂದು ದಿನ ಅಮೂಲ್ಯಾ ಖಾಲಿ ಬಟ್ಟಲು ನೋಡಿ ತಾನಾಗಿ ‘ಹಾಲು’ ಎಂದಳು, ಕೈಯಲ್ಲಿ. ಆಮೇಲೆ ‘ನೀರು’, ‘ಕಾಗೆ’, ‘ಅಮ್ಮ’, ‘ಇನ್ನೂ ಬೇಕು’. ಹಟ, ಕಿರುಚಾಟ ಕಡಿಮೆಯಾಯಿತು. ಯಂತ್ರ ಹಾಕಿಕೊಂಡ ಮೇಲೆ ‘ಮ್ಮ’ ಎನ್ನುವ ಸದ್ದೂ ಶುರುವಾಯಿತು.

ಈ ಮಗು ಮಾತಾಡುವುದಿಲ್ಲವೇ ಎಂದು ಗಿರಾಕಿಯೊಬ್ಬರು ಐತಾಳರನ್ನು ಕೇಳಿದರು. “ಆ ಬೇಬಿ ಬೋಲ್ತಿ ನಥೀ?”

“ಬೋಲೇ ಛೇ ನೇ! ಹಾಥ್‌ಥೀ ಬೋಲೇ ಛೇ!” ಕೈಯಲ್ಲಿ ಮಾತಾಡ್ತಾಳೆ ಎಂದು ಎದೆ ಸೆಟೆಸಿ ಹೇಳಿದರು ಐತಾಳರು. “ನಮ್ಮ ಮನೆಯಲ್ಲಿ ಈಗ ಐದು ಭಾಷೆ” ಎಂದೂ ಸೇರಿಸಿದರು.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ಮಗು ಹುಟ್ಟಿದ ಮೊದಲ ತಿಂಗಳಲ್ಲೇ ಕಿವಿ ಪರೀಕ್ಷೆ ಮಾಡಿಸಿ. ದೊಡ್ಡ ಮಗುವಾದರೂ ಹೆಸರಿಗೆ ತಿರುಗದಿದ್ದರೆ, ತೊದಲದಿದ್ದರೆ, ವರ್ಷ ತುಂಬಿದರೂ ಬೆರಳು ತೋರಿಸದಿದ್ದರೆ, ‘ನಿಧಾನ ಬರ್ತದೆ’ ಎಂದು ಕಾಯಬೇಡಿ. ಮನೆಯ ಭಾಷೆಗಳನ್ನು ದೂರಬೇಡಿ. ಕಿವಿ ಚೆನ್ನಾಗಿರುವ ಮಕ್ಕಳಿಗೂ ಮಾತಿಗಿಂತ ಮೊದಲು ಬರುವುದು ಕೈಯೇ. ಟಾಟಾ ಮಾಡುವುದೂ ಮಾತೇ. ಅದಕ್ಕೆ ಉತ್ತರ ಕೊಡಿ. ಮಗುವಿಗೆ ಕೇಳಿಸುವುದಿಲ್ಲವೆಂದು ತಿಳಿದರೆ ತಲೆ ತಗ್ಗಿಸಬೇಡಿ. ಮನೆಮಂದಿಯೆಲ್ಲ ಸನ್ನೆ ಕಲಿಯಿರಿ.

ಐತಾಳರ ಮನೆಯಲ್ಲಿ ಒಂದು ಸನ್ನೆ ಮಾತ್ರ ಬಾಕಿ ಉಳಿದಿತ್ತು. ಮಗು ಕಾಗೆಯನ್ನೂ ಕರೆಯಿತು, ಅಜ್ಜನನ್ನು ಕರೆಯಲಿಲ್ಲ. ಐತಾಳರು ದಿನವೂ ಹಣೆ ಮುಟ್ಟಿ ಮುಟ್ಟಿ ತೋರಿಸುತ್ತಿದ್ದರು. “ಕಾಗೆಗಿಂತ ಕಡೆಯಾದೆ ನಾನು” ಎನ್ನುತ್ತಿದ್ದರು. ನಗುತ್ತಲೇ ಹೇಳಿದರೂ ಬೇಸರವಿತ್ತು.

ಒಂದು ಬೆಳಿಗ್ಗೆ ಅವರು ಕನ್ನಡಕ ಮರೆತು ಹೋಟೆಲಿಗೆ ಹೋಗಿದ್ದರು. ಮೇಜಿನ ಮೇಲಿದ್ದ ಕನ್ನಡಕವನ್ನು ಅಮೂಲ್ಯಾ ನೋಡಿದಳು. ಬಾಗಿಲ ಕಡೆ ತಿರುಗಿ ಎರಡು ಬೆರಳು ಹಣೆಗೆ ಮುಟ್ಟಿಸಿದಳು. ಮನೆಯಲ್ಲಿ ಚೈತ್ರಾ ಒಬ್ಬಳೇ. ಕಣ್ಣೆದುರು ಇಲ್ಲದ ಅಜ್ಜನನ್ನು ಮಗು ನೆನೆದು ಹೇಳಿತ್ತು. ಚೈತ್ರಾ ಒಲೆ ಆರಿಸಿದಳು. ಮಗುವನ್ನೂ ಕನ್ನಡಕವನ್ನೂ ಎತ್ತಿಕೊಂಡು ಹೋಟೆಲಿಗೆ ಹೊರಟಳು.

ಬಾಗಿಲು ದಾಟುತ್ತಲೇ ಅಮೂಲ್ಯಾ ಗಲ್ಲಾದತ್ತ ನೋಡಿ ಮತ್ತೆ ಹಣೆ ಮುಟ್ಟಿದಳು.

ಐತಾಳರು ಗಿರಾಕಿಯ ಚಿಲ್ಲರೆ ಕೈಯಲ್ಲೇ ಹಿಡಿದು ಎದ್ದು ನಿಂತರು. “ಹಾಲಪ್ಪಾ! ನೋಡಿದ್ಯನಾ? ನನ್ನನ್ನು ಕರೆದಳು! ಮೊದಲ ಸಲ! ನನ್ನೆದುರೇ!” ಹಾಲಪ್ಪ ಕಿಂಡಿಯಾಚೆ ಸೌಟಿನಿಂದ ಕಾವಲಿ ಬಡಿದ.

“ಮೊದಲ ಸಲವೇ ಅಲ್ವಾ ಚೈತ್ರಾ?”

“ಹೌದು ಮಾವ, ಮೊದಲ ಸಲ” ಎಂದಳು ಚೈತ್ರಾ. ಬೆಳಿಗ್ಗೆಯದ್ದನ್ನು ಯಾರಿಗೂ ಹೇಳುವುದಿಲ್ಲ, ಯಶವಂತನಿಗೂ ಇಲ್ಲ ಎಂದು ಅಲ್ಲೇ ನಿರ್ಧರಿಸಿ, ಮಾವನ ಕೈಗೆ ಕನ್ನಡಕ ಕೊಟ್ಟಳು.