ಬಾದ್ರಪ್ಪ ತಪ್ಪಿ ಊದಿದ ದಿನ

ಹೆತ್ತವರು ಇಟ್ಟ ಹೆಸರು ದಲ್ ಬಹಾದ್ದೂರ್. ದೊಡ್ಡಉಳ್ಳಾರ್ತಿ ಊರಿನವರ ನಾಲಿಗೆಗೆ ಅದು ಹೊರಳದೆ ಬಾದ್ರಪ್ಪ ಎಂದಾಯಿತು, ಅವನೂ ಬೇಡವೆನ್ನಲಿಲ್ಲ. ಫೌಜಿಗೆ ಸೇರುತ್ತೇನೆಂದು ನೇಪಾಳದ ಬೆಟ್ಟದಿಂದ ಇಳಿದು ಬಂದ ಹುಡುಗ ಎತ್ತರದಲ್ಲಿ ಒಂದು ಬೆರಳು ಕಡಿಮೆ ಬಿದ್ದು, ಊರಿಗೆ ಹಿಂದಿರುಗಲು ಮುಖವಿಲ್ಲದೆ ನಿಂತಿದ್ದಾಗ ಒಬ್ಬ ಕರ್ನಲ್ ಸಾಹೇಬರು ಅವನನ್ನು ಚಳ್ಳಕೆರೆಯ ಹುಲ್ಲುಕಾವಲಿನ ಸೈನಿಕ ಅಕಾಡೆಮಿಗೆ ಕರೆತಂದಿದ್ದರು. ಮೆಸ್ಸಿನಲ್ಲಿ ಪಾತ್ರೆ ತೊಳೆದ, ಬಾವುಟ ಕಾದ, ಬ್ಯೂಗಲ್ ಕಲಿತ, ಕೊನೆಗೆ ಹುಡುಗರಿಗೆ ಕವಾಯತು ಹೇಳಿಕೊಡುವ ಉಸ್ತಾದನಾದ. ಅವನ ಕೈಯಲ್ಲಿ ಬೈಸಿಕೊಂಡ ಹುಡುಗರು ಎಷ್ಟೋ ಜನ ಈಗ ದೊಡ್ಡ ಅಧಿಕಾರಿಗಳು. ಅವನು ಕಲಿತ ಕನ್ನಡದಲ್ಲಿ ಅರ್ಧ ತೆಲುಗೇ ಇದೆಯೆಂದು ಅವನಿಗೆ ತಿಳಿಯುವಷ್ಟರಲ್ಲಿ ರಾಂಪುರದ ಗೀತಮ್ಮನ ಜೊತೆ ಮದುವೆಯೂ ಆಗಿ ಹೋಗಿತ್ತು.

ಇವತ್ತು ಬಾದ್ರಪ್ಪನಿಗೆ ಬೀಳ್ಕೊಡುಗೆ. ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಗೀತಮ್ಮ ಮೊಳಕಾಲ್ಮೂರು ಸೀರೆ ಉಟ್ಟು, ಸೆರಗು ಜಾರೀತೆಂಬ ಭಯದಲ್ಲಿ ಅಲ್ಲಾಡದೆ ಕುಳಿತಿದ್ದಳು. ಕಮಾಂಡೆಂಟ್ ಸಾಹೇಬರು ಹಾರ ಹಾಕಿ, ಹೊಸ ಹಿತ್ತಾಳೆ ಬ್ಯೂಗಲ್ಲೊಂದನ್ನು ಅವನ ಕೈಗಿಟ್ಟು, "ಉಸ್ತಾದ್, ಏನಾದರೂ ಊದಿ" ಎಂದರು.

ಏನಾದರೂ ಅಂದರೆ ಏನು? ಆಯುಷ್ಯಪೂರ್ತಿ ಇಂಥದ್ದೇ ಊದು ಎಂದು ಹೇಳಿಸಿಕೊಂಡೇ ಊದಿದವನು ಅವನು. ಮೈಕಿನ ಮುಂದೆ ನಿಂತ. ತಲೆಯಲ್ಲಿ ಒಂದು ರಾಗವೂ ಇರಲಿಲ್ಲ. ತುಟಿಗಳು ತಮಗೆ ಚೆನ್ನಾಗಿ ಗೊತ್ತಿದ್ದುದನ್ನು ತಾವೇ ಊದಿದವು. ಕೊನೆಯಲ್ಲಿ ಅಳು ನುಗ್ಗಿ ಸ್ವರ ನಡುಗಿತು. ನಾಲ್ಕು ಕಡೆಯ ಲೌಡ್‌ಸ್ಪೀಕರುಗಳು ಅದನ್ನು ಎತ್ತಿಕೊಂಡು ಕಾವಲಿನ ತುಂಬ ಎರಚಿದವು. ಜನ ಚಪ್ಪಾಳೆ ತಟ್ಟಿದರು, ಗೀತಮ್ಮ ಕಣ್ಣೊರೆಸಿಕೊಂಡಳು, ಬಾದ್ರಪ್ಪ ಕುರ್ಚಿಗೆ ಬಂದು ಕುಳಿತ. ಕಮಾಂಡೆಂಟರು ಶಿಸ್ತಿನ ಬಗ್ಗೆ ಭಾಷಣ ಶುರುಮಾಡಿದರು.

ಶಾಮಿಯಾನದ ಬಟ್ಟೆ ಗಾಳಿಗೆ ಎದ್ದಾಗ ಅದರ ಕೆಳಗಿಂದ ದೂರದ ಕಾವಲು ಕಾಣಿಸಿತು. ಹುಡುಗರು ಗುರಿಯಿಟ್ಟು ಹೊಡೆಯಲು ಕಲಿಯುವ ಗುಂಡಿನ ಮೈದಾನದ ಹಿಂದೆ, ಬೇಲಿಯ ಉದ್ದಕ್ಕೂ ಧೂಳು ಏಳುತ್ತಿತ್ತು. ದನ ಎಬ್ಬಿಸಿದ ಧೂಳು. ತಾನು ಊದಿದ್ದು ಏನೆಂದು ಬಾದ್ರಪ್ಪನಿಗೆ ಆಗ ತಿಳಿಯಿತು.

ಅವನು ಬಂದ ವರ್ಷ ನಡೆದ ಮಾತು. ಗುರಿಯ ಹಿಂದಿನ ಮಣ್ಣುದಿಬ್ಬದ ಆಚೆ ಒಂದು ತಗ್ಗು ಇದೆ. ಬೇಸಿಗೆಯಲ್ಲೂ ಹುಲ್ಲು ಒಣಗದ ಜಾಗ. ಅಲ್ಲಿಗೆ ನುಗ್ಗಿದ, ಹಟ್ಟಿಯವರು ದೇವರಿಗೆಂದು ಬಿಟ್ಟ ದನದ ಕರುವೊಂದು ಗುಂಡಿಗೆ ಸತ್ತಿತ್ತು. ಆ ದನ ಕಾಯುವ ಕಿಲಾರಿ ಬೋರಯ್ಯ ಆಗಿನ್ನೂ ಹರೆಯದವನು, ಕರುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಗುಂಡು ಹಾರುತ್ತಿದೆಯೆಂದು ಎಚ್ಚರಿಸುವ ಕೆಂಪು ಬಾವುಟ ಕಾಯುತ್ತಿದ್ದ ಬಾದ್ರಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಅವತ್ತೇ ಇಬ್ಬರೂ ಮಾತಾಡಿಕೊಂಡರು. ಗುಂಡು ಹಾರಿಸುವ ದಿನ ಬೆಳಿಗ್ಗೆ ಬಾದ್ರಪ್ಪ ಬೇಲಿಯ ಕಡೆ ಮುಖಮಾಡಿ ಒಂದು ಬಗೆಯಲ್ಲಿ ಊದಬೇಕು, ಬೋರಯ್ಯ ದನವನ್ನು ಬೇಲಿಯಾಚೆಯೇ ತಡೆಯಬೇಕು. ಎಲ್ಲ ಮುಗಿದ ಮೇಲೆ ಇನ್ನೊಂದು ಬಗೆಯಲ್ಲಿ ಊದಬೇಕು, ಆಗ ದನ ತಗ್ಗಿಗೆ ಇಳಿಯಬೇಕು. ತಡೆಯೋ ಊದು, ಬಿಡೋ ಊದು ಎಂದು ಬೋರಯ್ಯನೇ ಹೆಸರಿಟ್ಟಿದ್ದ. ಅಕಾಡೆಮಿ ಬ್ಯೂಗಲ್ಲು ಬಿಟ್ಟು ಸೈರನ್ನಿಗೆ ಬದಲಾದರೂ ಬಾದ್ರಪ್ಪ ತನ್ನ ಹಳೆಯ ಬ್ಯೂಗಲ್ಲು ಬಿಡಲಿಲ್ಲ. ಮುದುಕನ ಹುಚ್ಚೆಂದು ಸಾಹೇಬರುಗಳು ನಕ್ಕು ಸುಮ್ಮನಿದ್ದರು. ಸೈರನ್ನು ದಿನಕ್ಕೆ ಹತ್ತು ಸಲ ಹತ್ತು ಕಾರಣಕ್ಕೆ ಕೂಗುತ್ತಿತ್ತು, ಆಚೆಯವರಿಗೆ ಅದರ ತಲೆಬುಡ ಗೊತ್ತಾಗುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ತಡೆಯೋ ಊದು ಊದಿದ್ದ. ಈಗ ಗುಂಡು ಶುರುವಾಗುವ ಹೊತ್ತಿಗೆ ಸರಿಯಾಗಿ ಬಿಡೋ ಊದು ಊದಿ ಕುಳಿತಿದ್ದ, ಅದೂ ಲೌಡ್‌ಸ್ಪೀಕರಿನಲ್ಲಿ.

ಎದ್ದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಆ ತಗ್ಗು ಅಕಾಡೆಮಿಯ ನೆಲ, ಹೊರಗಿನವರು ಕಾಲಿಡುವಂತಿಲ್ಲ. ಹೇಳಿದರೆ ಬೋರಯ್ಯನಿಗೆ ತಗ್ಗು ತಪ್ಪುತ್ತದೆ, ಇಷ್ಟು ವರ್ಷ ಕದ್ದು ಬಿಟ್ಟವನು ತಾನೆಂದು ಗೊತ್ತಾಗುತ್ತದೆ. ಹೊರಗಿನಿಂದ ಬಂದವನು ಒಂದೇ ಒಂದು ಕಪ್ಪು ಚುಕ್ಕೆ ಬೀಳದಂತೆ ಬಾಳಿದ್ದ, ಆ ಹೆಸರು ಇವತ್ತು ಹಾರ ಬಿದ್ದ ದಿನವೇ ಹಾಳಾಗುತ್ತದೆ. ಇಂಥ ಲೆಕ್ಕಾಚಾರದಲ್ಲಿ ಕುಳಿತಿದ್ದ ತನ್ನ ಮೇಲೆ ಅವನಿಗೇ ಅಸಹ್ಯ ಬಂತು. ಪಕ್ಕದಲ್ಲಿದ್ದ ಮೇಜರ್ ಸಾಹೇಬರ ಕಡೆ ಬಾಗಿದ.

"ಸಾಹೇಬ್, ಗುಂಡು ನಿಲ್ಲಿಸಬೇಕು. ದಿಬ್ಬದ ಹಿಂದೆ ದನ ಇಳಿದಿವೆ. ಮನುಷ್ಯರೂ ಇದ್ದಾರೆ."

ಮೇಜರರು ಅವನ ಕೈ ತಟ್ಟಿದರು. "ಬೆಳಿಗ್ಗೆಯೇ ನೋಡಿದ್ದಾರೆ ಉಸ್ತಾದ್, ಯಾರೂ ಇಲ್ಲ. ಇವತ್ತಾದರೂ ಡ್ಯೂಟಿ ಮರೆತು ಕೂತ್ಕೊಳ್ಳಿ."

"ಬೆಳಿಗ್ಗೆ ಇರಲಿಲ್ಲ ಸಾಹೇಬ್. ಈಗ ನಾನೇ ಕರೆದೆ."

ಮೇಜರರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುತ್ತ ಕೂರಲು ಹೊತ್ತಿರಲಿಲ್ಲ, ಮೈಕು ಕೇಳಿದರೆ ಕಮಾಂಡೆಂಟರಿಗೂ ಅರ್ಥ ಮಾಡಿಸಬೇಕಿತ್ತು. ಅಪ್ಪಣೆ ಕೇಳದೆ ಜಾಗ ಬಿಟ್ಟು ಏಳದ ಬಾದ್ರಪ್ಪ ಕಮಾಂಡೆಂಟರ ಮಾತಿನ ನಡುವೆ ಎದ್ದು, ಬ್ಯೂಗಲ್ಲು ಹಿಡಿದುಕೊಂಡೇ ವೇದಿಕೆಯ ಹಿಂದಿನಿಂದ ಇಳಿದ. ಮುದುಕನಿಗೆ ದುಃಖ ತಡೆಯಲಾಗಲಿಲ್ಲವೆಂದು ಜನ ಮತ್ತೆ ಚಪ್ಪಾಳೆ ತಟ್ಟಿದರು. ಗೀತಮ್ಮ ಮಾತ್ರ ಸೆರಗಿನ ಗೊಡವೆ ಬಿಟ್ಟು ಎದ್ದು ನಿಂತಿದ್ದಳು.

ಜೀಪಿಗೆ ಒರಗಿ ಬೀಡಿ ಸೇದುತ್ತಿದ್ದ ಡ್ರೈವರ್ ಎರ್ರಿಸ್ವಾಮಿ ತಳಕು ಊರಿನವನು.

"ಏನಣ್ಣ, ಹಾರ ಹಾಕ್ಕಂಡೇ ಎಲ್ಲಿಗೆ ಹೊಂಟೆ?"

"ಗುಂಡಿನ ಮೈದಾನಕ್ಕೆ. ಹಿಂದ್ಲ ದಾರಿ ಹಿಡಿ. ಬೋರಯ್ಯ ತಗ್ಗಿಗೆ ಇಳ್ದವ್ನೆ."

ಎರ್ರಿಸ್ವಾಮಿ ಬೀಡಿ ಎಸೆದ. ಬೋರಯ್ಯ ಅವನಿಗೂ ಗೊತ್ತಿದ್ದವನೇ. ಜೀಪು ಜಾಲಿಮುಳ್ಳುಗಳ ನಡುವೆ ಎಗರುತ್ತ ಓಡಿತು. ಅರ್ಧ ದಾರಿಯಲ್ಲಿ ಮೊದಲ ಗುಂಡು ಕೇಳಿಸಿತು, ಅದರ ಹಿಂದೆಯೇ ಇನ್ನಷ್ಟು. ಬಾದ್ರಪ್ಪ ಎದ್ದು ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು ತಡೆಯೋ ಊದು ಊದಿದ. ಎದುರುಗಾಳಿ ಅದನ್ನು ಅವನ ಮುಖಕ್ಕೇ ತಿರುಗಿಸಿ ಬಡಿಯಿತು.

"ಕೇಳ್ಸಂಗಿಲ್ಲ ಬಿಡಣ್ಣ, ಕೂತ್ಕ, ಬಿದ್ದೀಯ" ಎಂದ ಎರ್ರಿಸ್ವಾಮಿ.

ಕೆಂಪು ಬಾವುಟದ ಹತ್ತಿರ ಕಾವಲುಗಾರ ಅಡ್ಡ ಬಂದ. ಜೀಪು ಇನ್ನೂ ನಿಲ್ಲುವ ಮೊದಲೇ ಬಾದ್ರಪ್ಪ ಇಳಿದು, ಅವನ ಕೈಯಡಿ ನುಸುಳಿ ದಿಬ್ಬದ ಕಡೆ ಓಡಿದ. ಮಂಡಿ ನೋಯುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಬೋರಯ್ಯ ಸತ್ತು ಬಿದ್ದಿರುವುದೇ ಕಣ್ಣೆದುರು ಬರುತ್ತಿತ್ತು. ತಾನು ಈ ನೆಲಕ್ಕೆ ಬಂದಾಗ ಯಾವ ಊರು, ಯಾವ ಜಾತಿ ಎಂದು ಕೇಳುವ ಮೊದಲು, ಊಟ ಆಯ್ತಾ ಎಂದು ಕೇಳಿದ ಮನುಷ್ಯ ಅವನು. ದಿಬ್ಬದ ಮಣ್ಣು ಗುಂಡು ಬಿದ್ದಲ್ಲೆಲ್ಲ ಹೊಗೆಯಂತೆ ಏಳುತ್ತಿತ್ತು. ಸುತ್ತಿ ಹೋದರೆ ತಡವಾಗುತ್ತದೆ. ಬಾದ್ರಪ್ಪ ಬದಿಯಿಂದ ದಿಬ್ಬ ಹತ್ತಿ, ಎಲ್ಲರಿಗೂ ಕಾಣುವಂತೆ ನೆತ್ತಿಯ ಮೇಲೆ ನಿಂತು ಎರಡೂ ಕೈ ಎತ್ತಿದ.

ಕಿವಿಯ ಪಕ್ಕ ಏನೋ ಸುಯ್ಯೆಂದು ಹೋಯಿತು. ಕೆಳಗೆ ಯಾರೋ ಕಿರುಚಿದರು, ಸೀಟಿ ಊದಿದರು. ಆಮೇಲೆ ಒಂದೂ ಗುಂಡು ಹಾರಲಿಲ್ಲ.

ಬಾದ್ರಪ್ಪ ಹಿಂದೆ ತಿರುಗಿ ತಗ್ಗಿನೊಳಗೆ ನೋಡಿದ. ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ದನವಿಲ್ಲ, ಮನುಷ್ಯನಿಲ್ಲ. ಅದರಾಚೆ ಬೇಲಿಯ ಬಾಯಿಯಲ್ಲಿ ದೇವರ ದನವೆಲ್ಲ ಒಂದರ ಮೇಲೊಂದು ಬಿದ್ದು ನೂಕಾಡುತ್ತಿದ್ದವು. ಅವುಗಳಿಗೂ ಆ ಊದು ಗೊತ್ತು, ಕೇಳಿದ್ದೇ ಎದ್ದು ಹೊರಟಿದ್ದವು. ದೇವರ ದನಕ್ಕೆ ಕೋಲು ಎತ್ತುವಂತಿಲ್ಲ, ಮೆಟ್ಟು ಹಾಕಿಕೊಂಡು ಕಾಯುವಂತಿಲ್ಲ. ಬೋರಯ್ಯ ಬರಿಗಾಲಲ್ಲಿ, ತೋಳೆರಡನ್ನೂ ಅಗಲಿಸಿ, ಮುಂದಿನ ಎತ್ತಿನ ಹಣೆಗೆ ಎದೆ ಕೊಟ್ಟು ನಿಂತಿದ್ದ. ಅಂಗಿ ಹರಿದಿತ್ತು. ಕೊಂಬು ತಾಕಿದ ಪಕ್ಕೆಯಿಂದ ರಕ್ತ ಸೊಂಟದವರೆಗೆ ಇಳಿದಿತ್ತು.

ಬಾದ್ರಪ್ಪ ದಿಬ್ಬದಿಂದ ಜಾರುತ್ತ ಬೀಳುತ್ತ ಇಳಿದು ಅಲ್ಲಿಗೆ ಹೋದ. ನಿಂತಲ್ಲೇ ತಡೆಯೋ ಊದು ಊದಿದ. ದನ ತಣ್ಣಗಾಗಿ ಹಿಂದಕ್ಕೆ ಸರಿದವು. ಆಗ ಬೋರಯ್ಯ ಕುಸಿದು ಕುಳಿತ.

"ಯಾರು ಹೋದ್ರು ಬಾದ್ರಣ್ಣ? ಅತ್ಗೆಮ್ಮ ಹುಷಾರಾಗವ್ರಾ?"

"ಹುಷಾರಾಗವ್ಳೆ. ಯಾರೂ ಹೋಗಿಲ್ಲ. ಬಿಡೋ ಊದು ಊದಿದ್ನಲ್ಲ, ನೀ ಯಾಕೆ ಬಿಡ್ಲಿಲ್ಲ?"

"ಅಳ್ತಾ ಊದಿದ್ಯಲ್ಲ. ಗುಂಡು ಮುಗೀತು ಅಂತ ಯಾವನು ಅಳ್ತಾನೆ? ಮನ್ಯಾಗೆ ಏನೋ ಆಗೈತೆ, ತಿಳೀದಂಗೆ ಊದವ್ನೆ ಅನ್ಕಂಡೆ. ಇವನ್ನ ಹೊಡ್ಕಂಡು ಹಟ್ಟಿಗೆ ಬಿಟ್ಟು ನಿಮ್ಮನಿಗೇ ಬರಾಣ ಅಂದ್ರೆ, ಇವು ನನ್ ಮಾತು ಕೇಳ್ಬೇಕಲ್ಲ."

ಬಾದ್ರಪ್ಪ ಕೊರಳ ಹಾರ ಕಿತ್ತೆಸೆದು, ಟೋಪಿಯ ಕೆಳಗಿದ್ದ ಕರವಸ್ತ್ರವನ್ನು ಅವನ ಪಕ್ಕೆಗೆ ಒತ್ತಿ ಹಿಡಿದ. ಅಷ್ಟರಲ್ಲಿ ಗುಂಡಿನ ಮೈದಾನದ ಕ್ಯಾಪ್ಟನ್ ಓಡಿ ಬಂದ. ಎಳೆಯ ಮುಖ, ಬೆವರು ಸುರಿಯುತ್ತಿತ್ತು.

"ನಿಮ್ಮನ್ನು ಕೊಂದೇಬಿಡುತ್ತಿದ್ದೆವು ಉಸ್ತಾದ್. ಯಾರು ಇವನು? ಇವರನ್ನು ಇಲ್ಲಿಗೆ ಬಿಟ್ಟವರು ಯಾರು?"

"ನಾನೇ ಸಾಹೇಬ್. ಬಂದ ವರ್ಷದಿಂದ ಬಿಡ್ತಾ ಇದೀನಿ. ಇವನು ನಮ್ಮೋನು."

"ಇದನ್ನೆಲ್ಲ ನಾನು ಬರೆಯಬೇಕಾಗುತ್ತದೆ."

"ಬರೀರಿ. ಮೊದಲು ಇವನನ್ನ ಚಳ್ಳಕೆರೆ ಆಸ್ಪತ್ರೆಗೆ ಕಳಿಸಿ."

ಕ್ಯಾಪ್ಟನ್ ರಕ್ತ ನೋಡಿ, ಜೀಪಿನ ಕಡೆ ಕೈ ಬೀಸಿದ. ಎರ್ರಿಸ್ವಾಮಿ ಬೇಲಿಯವರೆಗೂ ಜೀಪು ತಂದ. ಬೋರಯ್ಯ ಹತ್ತಲು ಒಪ್ಪಲಿಲ್ಲ. ದನ ಬಿಟ್ಟು ಹೋಗುವವನು ಕಿಲಾರಿಯೇ ಅಲ್ಲವೆಂದು ಹಟ ಹಿಡಿದ. ಬಾದ್ರಪ್ಪ ಟೋಪಿ, ಬೂಟು ಬಿಚ್ಚಿ ಬೇಲಿಯ ಪಕ್ಕ ಇಟ್ಟು, ಬರಿಗಾಲಲ್ಲಿ ದನದ ಮುಂದೆ ಹೋಗಿ ನಿಂತ.

"ನೀ ಹೋಗು. ಸಂಜೆ ತನ್ಕ ನಾ ನೋಡ್ಕಂತೀನಿ."

"ನಿಂಗೆ ಡ್ಯೂಟಿ ಇಲ್ವಾ?"

"ಇಲ್ಲ. ಇವತ್ತಿಗೆ ಮುಗೀತು. ಅದಕ್ಕೇ ಅತ್ತಿದ್ದು."

ಬೋರಯ್ಯ ಜೀಪು ಹತ್ತಿ ಕುಳಿತ. ಎರ್ರಿಸ್ವಾಮಿ ಗಾಡಿ ಸ್ಟಾರ್ಟ್ ಮಾಡುತ್ತಿದ್ದಂತೆ ಬೋರಯ್ಯ ತಲೆ ಹೊರಹಾಕಿ ಕೇಳಿದ.

"ಹಂಗಾರೆ ನಾಳೆಯಿಂದ ನಮ್ಗೆ ಹೇಳೋರ್ಯಾರು?"

"ನಾನೇ. ಬೇಲಿ ಈಚೆ ನಿಂತು ಊದ್ತೀನಿ. ಇನ್ನೆಲ್ಲಿಗೆ ಹೋಗ್ಲಿ ನಾನು?"

"ಊದು. ಆದ್ರೆ ಇನ್ಮೇಲೆ ಅಳೋದಿದ್ರೆ ಹಟ್ಟಿಗೆ ಬಂದು ಅಳು" ಎಂದ ಬೋರಯ್ಯ, ಪಕ್ಕೆ ಹಿಡಿದುಕೊಂಡು. "ದನಕ್ಕೆ ಅದು ತಿಳಿಯಂಗಿಲ್ಲ."