ಐನೂರು ಕಿಲೋಮೀಟರಿನ ಪಥ್ಯ

ಚಳಿಗಾಲಕ್ಕೆ, ಹಿಮದಲ್ಲಿ ಜಾರದಂತೆ ಮೊಳೆ ಕೂರಿಸಿದ ಟೈರೋ, ಮೊಳೆ ಇಲ್ಲದ ಟೈರೋ ಎಂದು ತೀರ್ಮಾನಿಸಲು ತೌನೊಗೆ ಎರಡು ತಿಂಗಳು ಹನ್ನೊಂದು ದಿನ ಬೇಕಾಯಿತು. ಹೌಕಿಲಹ್ತಿಯಂಥ ಊರಿನಲ್ಲಿ, ವರ್ಷದ ಅರ್ಧಭಾಗ ಹಿಮದ ಮೇಲೇ ಗಾಡಿ ಓಡಿಸುವ ಜನ, ಇಷ್ಟಕ್ಕೆ ಹತ್ತು ನಿಮಿಷವನ್ನೂ ಖರ್ಚು ಮಾಡುವುದಿಲ್ಲ. ಹೋದ ವರ್ಷ ಯಾವುದಿತ್ತೋ ಅದೇ ಇರಲಿ ಎನ್ನುತ್ತಾರೆ. ತೌನೊ ಹಾಗಲ್ಲ. ಅವನು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತನಾದವನು. ಊರವರ ತಕ್ಕಡಿಗಳನ್ನು ಪರೀಕ್ಷಿಸಿ ಪರೀಕ್ಷಿಸಿ, ಕಡೆಗೆ ಹೆಂಡತಿಯ ಮಾತನ್ನೂ ತೂಗಿ ನೋಡದೆ ಕಿವಿಗೆ ಹಾಕಿಕೊಳ್ಳದ ಸ್ಥಿತಿಗೆ ಬಂದಿದ್ದ.

ಆದರೆ ಈ ಸಲ ಅವನ ಅಳೆದು ಸುರಿಯುವಿಕೆಗೆ ಒಂದು ಕಾರಣವಿತ್ತು. ಮಗಳು ಸೈಲಾ ಚೊಚ್ಚಲ ಬಸುರಿ. ಅಳಿಯ ಸ್ವೀಡನ್ನಿನ ಗಣಿಯಲ್ಲಿ ಎರಡೆರಡು ವಾರದ ಪಾಳಿಯಲ್ಲಿ ದುಡಿಯುವವನು, ನೆಲದ ಮೇಲಿರುವುದಕ್ಕಿಂತ ನೆಲದ ಕೆಳಗಿರುವುದೇ ಹೆಚ್ಚು. ಹೆರಿಗೆ ಆಸ್ಪತ್ರೆ ಇರುವುದು ನೂರು ಕಿಲೋಮೀಟರ್ ದಕ್ಷಿಣಕ್ಕೆ, ಕಾಯಾನಿಯಲ್ಲಿ. ಆಗಸ್ಟಿನ ಒಂದು ಶನಿವಾರ, ಸೌನಾದ ಹಬೆಸ್ನಾನ ಮುಗಿಸಿ ತೌನೊ, ಅವನ ಹೆಂಡತಿ ಹಿಲ್ಕಾ, ಮಗಳು ಮೂವರೂ ಮೆಟ್ಟಿಲ ಮೇಲೆ ಕೂತಿದ್ದಾಗ ಸೈಲಾ ಹೇಳಿದ್ದಳು.

"ಅಪ್ಪಾ, ನೋವು ಬಂದಾಗ ನೀನೇ ಕರ್ಕೊಂಡ್ ಹೋಗ್ಬೇಕು. ಅಮ್ಮನ ಗಾಡೀಲಿ ಕೂತ್ರೆ ದಾರೀಲೇ ಹೆತ್ತುಬಿಡ್ತೀನಿ."

"ನನ್ ಗಾಡಿಗೇನಾಗಿದೆಯೇ?" ಎಂದಳು ಹಿಲ್ಕಾ.

"ಗಾಡಿಗೆ ಏನಾಗಿದೆ ಅನ್ನೋದಲ್ಲ, ಏನು ಉಳಿದಿದೆ ಅಂತ ಕೇಳು" ಎಂದ ತೌನೊ.

ತಮಾಷೆ ಮಾಡಿದನೇ ಹೊರತು ಅವನ ಎದೆ ತುಂಬಿಬಂದಿತ್ತು. ಸೈಲಾ ಏನನ್ನೂ ಕೇಳುವ ಹುಡುಗಿಯಲ್ಲ. ಸೈಕಲ್ ಕಲಿಯುವಾಗಲೂ ಅಪ್ಪನ ಕೈ ತಳ್ಳಿ, ತಾನೇ ಬಿದ್ದು ತಾನೇ ಎದ್ದವಳು. ಮೂವತ್ತೊಂದು ವರ್ಷಕ್ಕೆ ಮೊದಲ ಸಲ ಅಪ್ಪನಿಂದ ಒಂದು ಕೆಲಸ ಆಗಬೇಕು ಎಂದಿದ್ದಳು. ಅದನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ಮಾಡಬೇಕೆಂದು ತೌನೊ ಅಂದೇ ನಿಶ್ಚಯಿಸಿದ.

ಅಲ್ಲಿಂದ ಶುರುವಾಯಿತು. ವಾಹನ ಪತ್ರಿಕೆಗಳ ಟೈರು ಪರೀಕ್ಷೆಯ ಸಂಚಿಕೆಗಳು ಊಟದ ಮೇಜನ್ನು ಆಕ್ರಮಿಸಿದವು. ಒದ್ದೆ ಮಂಜುಗಡ್ಡೆಯ ಮೇಲೆ ಬ್ರೇಕು ಹಾಕಿದರೆ ಎಷ್ಟು ಮೀಟರಿಗೆ ನಿಲ್ಲುತ್ತದೆ, ಪುಡಿ ಹಿಮದಲ್ಲಿ ಎಷ್ಟು, ಬರೀ ಡಾಂಬರಿನ ಮೇಲೆ ಎಷ್ಟು ಎಂದು ಗೀಟು ಹಾಕಿ ಪಟ್ಟಿ ಬರೆದ. ಪೆಟ್ರೋಲ್ ಬಂಕಿನ ಕಾಫಿ ಮೇಜಿನಲ್ಲಿ ಎರಡು ಪಕ್ಷಗಳಾದವು. ಮೊಳೆಯವರು ಮೊಳೆಯಿಲ್ಲದವರನ್ನು ಪೇಟೆಯ ಷೋಕಿಲಾಲರೆಂದರು. ಮೊಳೆಯಿಲ್ಲದವರು ಮೊಳೆಯವರನ್ನು ರಸ್ತೆ ಉಳುವ ರೈತರೆಂದರು. ತೌನೊ ಎರಡೂ ಪಕ್ಷದವರಿಗೆ ಅವರವರ ತಪ್ಪನ್ನು ದಶಮಾಂಶ ಸಮೇತ ತೋರಿಸಿದ. ಹಾಗಾಗಿ ಅವನು ಬಂದರೆ ಇಬ್ಬರೂ ಕಾಫಿಯನ್ನು ಬೇಗ ಮುಗಿಸತೊಡಗಿದರು.

ನವೆಂಬರಿನ ಮೊದಲ ಸೋಮವಾರ, ಕೊನೆಗೂ, ಮೊಳೆ ಟೈರೇ ಗೆದ್ದಿತು. ಒಂದೊಂದು ಟೈರಿಗೆ ನೂರ ತೊಂಬತ್ತು ಉಕ್ಕಿನ ಮೊಳೆ. ಟೈರು ಅಂಗಡಿಯ ಯೋರ್ಮ ನಾಲ್ಕನ್ನೂ ಹಾಕಿ, ಕೈ ಒರೆಸಿಕೊಂಡು, ವಾಡಿಕೆಯಂತೆ ಎಲ್ಲರಿಗೂ ಹೇಳುವುದನ್ನೇ ಹೇಳಿದ.

"ಮೊದಲ ಐನೂರು ಕಿಲೋಮೀಟರ್ ಸ್ವಲ್ಪ ನಿಧಾನ ಮಾರಾಯಾ. ಮೊಳೆ ರಬ್ಬರಲ್ಲಿ ಕೂತ್ಕೋಬೇಕು. ಒಮ್ಮೆಗೇ ಎಕ್ಸಿಲೇಟರ್ ಒತ್ತೋದು, ಗಕ್ಕಂತ ಬ್ರೇಕ್ ಹಾಕೋದು ಎಲ್ಲ ಬೇಡ. ಉದುರಿಹೋಗ್ತವೆ."

ಈ ಮಾತನ್ನು ಇಲ್ಲಿ ಎಲ್ಲರೂ ಕೇಳುತ್ತಾರೆ, ತಲೆಯಾಡಿಸುತ್ತಾರೆ, ಅಂಗಡಿಯ ಗೇಟು ದಾಟುತ್ತಲೇ ಮರೆಯುತ್ತಾರೆ. ಮರೆಯದ ಒಬ್ಬನೇ ಒಬ್ಬ ಗಿರಾಕಿ ಯೋರ್ಮನಿಗೆ ಅಂದು ಸಿಕ್ಕಿದ್ದ. "ಸ್ವಲ್ಪ ನಿಧಾನ ಅಂದ್ರೆ ಎಷ್ಟು?" ಎಂದು ತೌನೊ ಮೂರು ಸಲ ಕೇಳಿದ. ಸಾಕಾಗಿ ಯೋರ್ಮ "ಅರವತ್ತು ಅಂತಿಟ್ಕೋ" ಎಂದುಬಿಟ್ಟ.

ಅಂದಿನಿಂದ ಆ ಮನೆಯಲ್ಲಿ ಬಾಣಂತನ ಮೊದಲು ಟೈರುಗಳಿಗೆ ನಡೆಯಿತು. ಅರವತ್ತರ ಪಥ್ಯ. ತಿರುವಿನಲ್ಲಿ ಇನ್ನೂ ಕಡಿಮೆ. "ಆತುರಪಟ್ಟವನ ಮೊಳೆ ಮುದುಕನ ಹಲ್ಲಿನ ಹಾಗೆ ಉದುರತ್ತೆ" ಎಂದು ಊಟಕ್ಕೆ ಕೂತಾಗಲೂ ಹೆಂಡತಿಗೆ ಪಾಠ. ಹಿಲ್ಕಾಳ ಹಳೆಯ ಕೆಂಪು ಗಾಡಿಗೆ ಅವಳ ತಮ್ಮ ಎಸೆಯಬೇಕೆಂದಿದ್ದ ಟೈರುಗಳೇ ಇದ್ದವು. ಅವುಗಳಲ್ಲಿ ಅರ್ಧದಷ್ಟು ಮೊಳೆಗಳು ಯಾವತ್ತೋ ಉದುರಿಹೋಗಿದ್ದವು. ಯಾವ ಕಂಪನಿಯದು ಎಂದು ಕೇಳಿದರೆ ಅವಳು "ಕಪ್ಪಗಿದೆ, ದುಂಡಗಿದೆ" ಎನ್ನುತ್ತಿದ್ದಳು.

ದಿನ ತುಂಬಲು ಇನ್ನೂ ಎರಡು ವಾರವಿತ್ತು. ಗುರುವಾರದ ಹೊತ್ತಿಗೆ ಪಥ್ಯ ಅರವತ್ತು ಕಿಲೋಮೀಟರ್ ಮಾತ್ರ ಆಗಿತ್ತು. ಅಂಗಡಿಗೂ ಗ್ರಂಥಾಲಯಕ್ಕೂ ಓಡಾಡಿದರೆ ಐನೂರು ಯಾವಾಗ ಮುಗಿದೀತು? ತೌನೊ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ, ಕಾಗದದಲ್ಲಿ ಎರಡು ಏಲಕ್ಕಿ ಬನ್ನು ಕಟ್ಟಿಕೊಂಡು ಉತ್ತರಕ್ಕೆ, ಕುಸಾಮೊ ಕಡೆ ಹೊರಟ. ಕೆಲಸವೇನೂ ಇರಲಿಲ್ಲ. ಹೋಗಿ ಬರುವುದೇ ಕೆಲಸ.

ನೂರ ಮೂವತ್ತು ಕಿಲೋಮೀಟರ್ ಹೋಗಿ, ಬನ್ನು ಬಿಚ್ಚಿದ್ದಷ್ಟೇ, ಹಿಲ್ಕಾಳ ಫೋನು ಬಂತು. ಗಂಟೆ ಹತ್ತೂವರೆ. ಹಿಮ ಒಂದೇ ಸಮನೆ ಬೀಳುತ್ತಿತ್ತು.

"ಎಲ್ಲಿದ್ದೀಯ?"

"ಕುಸಾಮೊದಲ್ಲಿ."

"ಅಲ್ಲೇನ್ ಮಾಡ್ತಿದ್ದೀಯ?"

"ಮೊಳೆ ಪಳಗಿಸ್ತಿದ್ದೀನಿ."

"ಸೈಲಾಗೆ ನೋವು ಶುರುವಾಯ್ತು. ಯಾರೋ ಬೇಸಿಗೆ ಟೈರಲ್ಲೇ ಹೊರಟು ಚರಂಡಿಗಿಳಿದಿದ್ದಾನಂತೆ, ಆಂಬುಲೆನ್ಸು ಅವನನ್ನ ಎತ್ತೋಕ್ ಹೋಗಿದೆ. ನಾನೇ ಹೊರಟೆ."

"ಆ ಟೈರಲ್ಲಾ? ತಲೆ ಕೆಟ್ಟಿದೆಯಾ ನಿಂಗೆ? ನಾನ್ ಬರೋ ತನಕ ಇರು!"

"ನಾನಿರ್ತೀನಪ್ಪ, ಕೂಸು ಇರ್ಬೇಕಲ್ಲ. ಸೀದಾ ಕಾಯಾನಿಗೇ ಬಾ. ಬೇಗ ಬಾ, ಅವಳು ನಿನ್ನೇ ಕೇಳ್ತಿದ್ದಾಳೆ."

ಕುಸಾಮೊದಿಂದ ಕಾಯಾನಿಗೆ ಇನ್ನೂರ ಮೂವತ್ತು ಕಿಲೋಮೀಟರ್. ತೌನೊನ ಬಲಗಾಲು ಒತ್ತಲು ಹೊರಟಿತು. ತಲೆ ಅದನ್ನು ತಡೆಯಿತು. ಈಗ ಮೊಳೆ ಉದುರಿದರೆ, ಮಗುವನ್ನು ಮನೆಗೆ ತರುವ ದಿನ ಏನು ಗತಿ? ಇಷ್ಟೆಲ್ಲ ಮಾಡಿದ್ದು ಆ ಮಗುವಿಗಾಗಿಯೇ ಅಲ್ಲವೇ? ಅಲ್ಲದೆ ಚೊಚ್ಚಲ ಹೆರಿಗೆ ಬೇಗ ಆಗುವುದಿಲ್ಲವೆಂದು ಅವನು ಎಲ್ಲೋ ಓದಿದ್ದ. ಸರಾಸರಿ ಗಂಟೆಗಳೂ ನೆನಪಿದ್ದವು. ಮುಳ್ಳು ಅರವತ್ತಕ್ಕೆ ಬಂದು ನಿಂತಿತು.

ಕಾಯಾನಿ ಇನ್ನೂ ದೂರವಿರುವಾಗ ಮುಂದೆ ಹಿಮ ಗುಡಿಸುವ ಲಾರಿ ಸಿಕ್ಕಿತು. ಅದು ಐವತ್ತರಲ್ಲಿ ಹೋಗುತ್ತಿತ್ತು. ಹಿಂದಿಕ್ಕಬೇಕೆಂದರೆ ಒಮ್ಮೆ ಜೋರಾಗಿ ಒತ್ತಲೇಬೇಕು. ತೌನೊ ಒತ್ತಲಿಲ್ಲ. ನೇರ ರಸ್ತೆ ಬಂದಾಗ ಲಾರಿಯವನು ಪಕ್ಕಕ್ಕೆ ಸರಿದು ದೀಪ ಮಿಣುಕಿಸಿದ, ಕೈ ಹೊರಗೆ ಹಾಕಿ ಹೋಗು ಹೋಗು ಎಂದ. ತೌನೊ ಕೈ ಎತ್ತಿ ಸಭ್ಯವಾಗಿ ಬೇಡವೆಂದ. ಹಿಂದೆ ಸಾಲುಗಟ್ಟಿದ್ದ ಹನ್ನೆರಡು ಗಾಡಿಗಳು ಒಂದೊಂದಾಗಿ ಅವನನ್ನೂ ಲಾರಿಯನ್ನೂ ದಾಟಿ ಹೋದವು. ಅವುಗಳಲ್ಲಿ ಎರಡಕ್ಕೆ ಮೊಳೆಯೇ ಇರಲಿಲ್ಲ ಎಂಬುದನ್ನು ಅವನು ಗಮನಿಸದಿರಲಿಲ್ಲ.

ಆಸ್ಪತ್ರೆ ತಲುಪಿದಾಗ ಎರಡೂ ಮುಕ್ಕಾಲು. ಮೊಮ್ಮಗಳು ಹುಟ್ಟಿ ಒಂದು ಗಂಟೆಯಾಗಿತ್ತು. ಕೆಂಪಗೆ, ಮುಷ್ಟಿ ಬಿಗಿದು, ಯಾರ ಮೇಲೋ ಕೋಪವಿರುವಂತೆ ಮಲಗಿದ್ದಳು. ತೌನೊಗೆ ಅಳು ಬಂತು, ಅತ್ತ.

"ಎಲ್ಲಿ ಹೋಗಿದ್ದೆ ಅಪ್ಪಾ?" ಸೈಲಾಳ ದನಿ ಸೋತಿತ್ತು. "ಬಾಗಿಲು ಸದ್ದಾದಾಗೆಲ್ಲ ನೀನೇ ಅಂದ್ಕೊಂಡೆ."

"ಹಾರ್ಕೊಂಡ್ ಬಂದೆ ಕಂದಾ" ಎಂದ ತೌನೊ. "ಏನ್ ರಸ್ತೆ ಅಂತೀಯ! ಪ್ರಾಣ ಕೈಯಲ್ಲಿ ಹಿಡ್ಕೊಂಡು ಹಾರ್ಕೊಂಡ್ ಬಂದೆ."

ಸೈಲಾ ಅವನ ಕೈ ಹಿಡಿದು ಒತ್ತಿದಳು. ನಂಬಿದ್ದಳು. ಅವಳು ನಂಬಿದ್ದೇ ಅವನಿಗೆ ಚುಚ್ಚಿತು.

ರಾತ್ರಿ ತಂಗಲು ಹಿಲ್ಕಾಳ ಅಕ್ಕನ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇತ್ತು. ಗಾಡಿಯಿಂದ ಫ್ಲಾಸ್ಕು ತರಲು ಇಬ್ಬರೂ ಹೊರಗೆ ಬಂದರು. ಹಿಲ್ಕಾಳ ಕೆಂಪು ಗಾಡಿ ಎರಡು ಜಾಗ ಆಕ್ರಮಿಸಿ ಸೊಟ್ಟಗೆ ನಿಂತಿತ್ತು. ತೌನೊನ ಗಾಡಿ ಗೆರೆಗಳ ನಟ್ಟನಡುವೆ ನಿಂತಿತ್ತು. ಹಿಲ್ಕಾ ಅದರ ಮುಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತಳು. ಕೈಗವಸು ತೆಗೆದು, ಅಂಟಿದ್ದ ಹಿಮವನ್ನು ಉಜ್ಜಿ, ಮೊಳೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಎದ್ದು ಹಿಂದಿನ ಚಕ್ರಕ್ಕೆ ಹೋದಳು.

"ಏನ್ ಹುಡುಕ್ತಿದ್ದೀಯ?" ಎಂದ ತೌನೊ.

"ಹಾರ್ಕೊಂಡ್ ಬಂದೆ ಅಂದ್ಯಲ್ಲ."

"ಹೂಂ."

"ಒಂದೂ ಉದುರಿಲ್ಲ."

ಸೋಮವಾರದಿಂದ ಬಿಡದೆ ಪಾಠ ಹೇಳಿದವನು ಅವನೇ. ಶಿಷ್ಯೆ ಚೆನ್ನಾಗಿ ಕಲಿತಿದ್ದಳು. ಹಿಲ್ಕಾ ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು. ಅವಳು ಬೈಯಲಿಲ್ಲ. ಕೈಗವಸು ಹಾಕಿಕೊಂಡು, "ಒಳ್ಳೇ ಟೈರು" ಎಂದಳು. "ಸೈಲಾಗೆ ಹೇಳಲ್ಲ ಬಿಡು."

ತೌನೊಗೆ ನಾಚಿಕೆಯಾಯಿತು. ಅರವತ್ತೆಂಟು ವರ್ಷದಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಭಾನುವಾರ ಆಸ್ಪತ್ರೆಯವರು ತಾಯಿ ಮಗು ಇಬ್ಬರನ್ನೂ ಮನೆಗೆ ಕಳಿಸಿದರು. ತೌನೊ ಬೆಳಿಗ್ಗೆಯೇ ಗಾಡಿ ಒರೆಸಿ, ಒಳಗೆ ಬೆಚ್ಚಗೆ ಮಾಡಿ, ಹಿಂದಿನ ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದ. ಸೈಲಾ ಅವನನ್ನು ನೋಡಿ ಪ್ರೀತಿಯಿಂದಲೇ ನಕ್ಕಳು.

"ಅಮ್ಮನ ಗಾಡೀಲೇ ಹೋಗ್ತೀನಪ್ಪಾ. ಅವತ್ತಿಂದ ಅದರಲ್ಲೇ ಧೈರ್ಯ. ಜೊತೆಗೆ ನೀನು ಹಾಗೆಲ್ಲ ಹಾರ್ಕೊಂಡ್ ಹೋಗೋನು, ಪಾಪು ಹೆದರ್ಕೊಳ್ಳತ್ತೆ."

ಹಿಲ್ಕಾ ಮುಖ ಅತ್ತ ತಿರುಗಿಸಿ ಬೀಗದಕೈ ಹುಡುಕತೊಡಗಿದಳು.

ಹೀಗೆ ಕೆಂಪು ಗಾಡಿ ಮುಂದೆ, ತೌನೊ ಹಿಂದೆ. ಹೊರಟ ಸ್ವಲ್ಪ ಹೊತ್ತಿಗೇ ಕೆಂಪು ಗಾಡಿ ತಿರುವಿನಲ್ಲಿ ಮರೆಯಾಯಿತು. ಊರು ಇನ್ನು ಇಪ್ಪತ್ತು ಕಿಲೋಮೀಟರ್ ಇರುವಾಗ, ಬಿಳಿ ಪೈನ್ ಕಾಡಿನ ನಡುವೆ, ಅವನ ಲೆಕ್ಕ ಐನೂರು ಮುಟ್ಟಿತು. ಏಳುನೂರ ಅರವತ್ತು ಮೊಳೆ, ಎಲ್ಲವೂ ಭದ್ರ. ಹೇಳಿಕೊಳ್ಳೋಣವೆಂದು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದ. ಆ ಸೀಟಿನಲ್ಲಿ ಖಾಲಿ ಫ್ಲಾಸ್ಕು ಮಾತ್ರ ಇತ್ತು.