ಇಪ್ಪತ್ತು ಚೀಲ ದಾನಾ

ರಾಯಚೂರಿನ ಬೀಜದ ಕಂಪನಿಯೊಂದಕ್ಕೆ ಕಂಪ್ಯೂಟರ್ ಬಂದದ್ದು ೧೯೮೯ರಲ್ಲಿ. ಊರಿನ ಬಿಸಿಲಿಗೆ ಹೆದರಿ ಅದಕ್ಕೊಂದು ತಣ್ಣನೆಯ ಕೋಣೆ ಕಟ್ಟಿಸಿದರು; ಮಾಲೀಕರ ಕೋಣೆಯಲ್ಲಿ ಇನ್ನೂ ಫ್ಯಾನೇ. ಗೋದಾಮಿನ ದಸ್ತಗೀರ್ ಸಾಬ್ ಅಲ್ಲಿಗೆ ಬರುವಾಗ ದರ್ಗಾಕ್ಕೆ ಬಂದವರಂತೆ ಚಪ್ಪಲಿ ಹೊರಗೆ ಬಿಡುತ್ತಿದ್ದರು. ಯಂತ್ರ ನಡೆಸುತ್ತಿದ್ದವಳು ಹೈದರಾಬಾದಿನಲ್ಲಿ ಕಲಿತು ಬಂದ ಅಸ್ಮತ್.

ಅವಳು ಬರೆದ ಪ್ರೋಗ್ರಾಮಿನಲ್ಲಿ ಗೋದಾಮಿನ ಎಲ್ಲ ಸರಕಿಗೂ 'ಚೀಲ' ಎಂಬುದೇ ಮನೆತನ. ತಿನ್ನುವ ಕಾಳು, ಬಿತ್ತುವ ಬೀಜ, ಎರಡೂ ಅದರ ಮಕ್ಕಳು. ಲಾರಿಗೆ ಏರುವ ಸರಕಿನ ಪಟ್ಟಿ ಎಲ್ಲವನ್ನೂ ಮನೆತನದ ಹೆಸರಿನಿಂದಲೇ ಕರೆಯುತ್ತಿತ್ತು. ಇದು ನಿಜಕ್ಕೂ ಯಾವ ವರ್ಗದ್ದೆಂದು ತಿಳಿಯಬೇಕಾದರೆ, ಪ್ರೋಗ್ರಾಮು ಓಡುವಾಗ ಆ ವಸ್ತುವನ್ನೇ ಕೇಳಬೇಕು. ಕೇಳಿದರೆ ಸುಳ್ಳು ಹೇಳುವುದಿಲ್ಲ. ಕೇಳದಿದ್ದರೆ ತಾನಾಗಿ ಬಾಯಿ ಬಿಡುವುದೂ ಇಲ್ಲ. ಪಟ್ಟಿ ತಡವಾಗುತ್ತದೆಂದು ಅಸ್ಮತ್ ಆ ಪ್ರಶ್ನೆಯನ್ನು ಕೈಬಿಟ್ಟಿದ್ದಳು.

ಒಂದು ಮಧ್ಯಾಹ್ನ ದೇವದುರ್ಗದ ಹಾಸ್ಟೆಲ್ಲಿನ ಮೇಲ್ವಿಚಾರಕ ಸಿದ್ದರಾಮಪ್ಪನವರ ಫೋನು ಬಂತು.

"ಯವ್ವಾ, ನಿನ್ನೆ ನಿಮ್ಮ ದಾನ ಮುಟ್ಟಿತು ನೋಡ್ರಿ. ಇಪ್ಪತ್ತು ಚೀಲ ಜ್ವಾಳ! ನಿಮ್ಮ ಮಾಲಕರ ಹೊಟ್ಟಿ ತಣ್ಣಗಿರಲಿ."

"ಯಾವ ದಾನರೀ?"

"ಲಾರಿ ಚೀಟಿಯಾಗ ಬರದೀರಲ್ರಿ, 'ದಾನಾ, ಇಪ್ಪತ್ತು ಚೀಲ, ದೇವದುರ್ಗ' ಅಂತ. ಇಲ್ಲಿ ದಾನ ತಗೊಳ್ಳೋರು ಯಾರಂತ ಡ್ರೈವರ್ ಹನುಮಂತ್ರಾಯ ಕೇಳಿದ. ನಮ್ಮ ಹುಡುಗ್ರನ್ನ ಬಿಟ್ರ ಇನ್ಯಾರದಾರ್ರಿ?"

ಅಸ್ಮತ್ ರಿಸೀವರನ್ನು ಕೈಯಿಂದ ಮುಚ್ಚಿ, ಪಟ್ಟಿಗಾಗಿ ಬಂದು ನಿಂತಿದ್ದ ದಸ್ತಗೀರ್ ಸಾಬರ ಕಡೆ ತಿರುಗಿ, ದಾನವೆಂದು ಬರೆದದ್ದೇಕೆಂದು ಕೇಳಿದಳು. ಪಟ್ಟಿ ನೋಡಿ ಚೀಟಿ ಬರೆದವರು, ಅದರಲ್ಲಿ ದೇವದುರ್ಗದ ಬೀಜದಂಗಡಿಯ ಹೆಸರು ಹಾಕಲು ಮರೆತವರು ಅವರೇ. ಕಂಪನಿಯ ಮುದ್ರೆಯ ಚೀಲ ಮುಗಿದು, ಆ ವಾರ ಸಾದಾ ಗೋಣಿಯಲ್ಲಿ ತುಂಬಿಸಿದವರೂ ಅವರೇ.

"ದಾನಾ ಅಂದ್ರ ಬೀಜ ಅಲ್ಲೇನು ಬೇಟಿ? ಮನ್ಯಾಗ ನೀ ಏನಂತಿ?"

ಅವಳ ಮನೆಯಲ್ಲೂ ದಾನಾ ಎಂದೇ ಅನ್ನುತ್ತಿದ್ದರು. ದಖ್ಖನಿ ಉರ್ದುವಿನಲ್ಲಿ ಕಾಳಿಗೂ ಅದೇ, ಬೀಜಕ್ಕೂ ಅದೇ. ಕನ್ನಡದಲ್ಲಿ ಮಾತ್ರ ಅದು ಪುಣ್ಯ.

ಅವಳು ಚೀಟಿಯ ನಂಬರ್ ಒತ್ತಿ, ಕೈಬಿಟ್ಟಿದ್ದ ಪ್ರಶ್ನೆಯನ್ನು ಒಂದೊಂದು ಚೀಲಕ್ಕೂ ಕೇಳಿದಳು. ಇಪ್ಪತ್ತು ಸಾಲು ಉತ್ತರ ಬಂತು. ಇಪ್ಪತ್ತೂ ಒಂದೇ: ವಿಷ ಸವರಿದ ಬೀಜ.

"ಸರ್, ಉಣಬ್ಯಾಡ್ರಿ! ಅದು ಬಿತ್ತೋದು, ಹುಳದ ಔಷಧ ಹಚ್ಚೇದ! ಹುಡುಗ್ರು ಉಂಡಾರೇನ್ರಿ?"

"ಅದಕ್ಕ ಗುಲಾಬಿ ಬಣ್ಣೇನ್ರಿ? ಹೊಸ ತಳಿ ಅಂದ್ಕೊಂಡು ತೊಳದು ಬೀಸಿಸೀವಿ..." ಎಂದವರು ಮಾತು ಅರ್ಧಕ್ಕೆ ಬಿಟ್ಟರು. ಓಡಿದ ಸದ್ದು, ಬೈಗುಳ, ತಾಟುಗಳ ಗದ್ದಲ. ಆಮೇಲೆ ಏದುಸಿರು.

"ಪಂಕ್ತಿ ಎಬ್ಬಿಸಿದೆ. ಒಬ್ಬನೂ ಮುಟ್ಟಿಲ್ರಿ."

ಅಸ್ಮತ್ ಕುರ್ಚಿಗೆ ಒರಗಿದಳು.

"ಆದ್ರ ಅಡಗಿ ಬೂದೆಮ್ಮ, ಹುಡುಗ್ರಿಗೆ ನೀಡೋಕಿಂತ ಮೊದ್ಲ ತಾನೊಂದು ರೊಟ್ಟಿ ತಿಂದು ನೋಡ್ತಾಳ್ರಿ, ಯಾವಾಗ್ಲೂ. ಹಿತ್ತಲದಾಗ ಮಕ್ಕೊಂಡಾಳ. ಬಿಸಲಿಗೆ ಅಂದ್ಕೊಂಡಿದ್ವಿ."

"ದವಾಖಾನಿಗೆ ಒಯ್ರಿ! ಎಬ್ಬಸ್ರಿ ಮೊದ್ಲು!"

"ಎಬ್ಬಸಾಕತ್ತಾರ್ರಿ," ಎಂದರು ಸಿದ್ದರಾಮಪ್ಪ. "ಏಳವಲ್ಲಳು."